ಕೆಂಪು ಗೆರೆಯ ಬಲಗಡೆ

ಅಕ್ಟೋಬರ್ 9, ಗುರುವಾರ. ಸ್ಟಾಕ್‌ಪೋರ್ಟ್, ಇಂಗ್ಲೆಂಡ್.

ಬೆಳಿಗ್ಗೆ ಫ್ರಿಜ್ಜಿನ ಬಾಗಿಲಲ್ಲಿ ಅಮೆರಿಕದ ಮ್ಯಾಪ್ ಇರಲಿಲ್ಲ. ನಾಲ್ಕು ಮ್ಯಾಗ್ನೆಟ್‌ಗಳು ಮಾತ್ರ ಚೌಕವಾಗಿ ಹಾಗೇ ಉಳಿದಿದ್ದವು. ನನ್ನ ಗಂಡನ ಅಪ್ಪ ಐತಪ್ಪ ಮಾಮ ಯಾರಿಗೂ ಹೇಳದೆ ತೆಗೆದಿದ್ದಾರೆ.

ಭಾನುವಾರ ಅದರ ಮೇಲೆ ಚಂಡಮಾರುತದ ದಾರಿಯನ್ನು ಕೆಂಪು ಪೆನ್ನಿನಲ್ಲಿ ಎಳೆದು, ಫ್ಲಾರಿಡಾದ ಕಡಲ ದಂಡೆಯಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದ್ದರು: "ಶರ್ಮಿಳಾ, ಕಡಲು ಬಿಟ್ಟು ಒಳನಾಡಿಗೆ, ನಿನ್ನ ಮೈದುನ ಕುಶಲನ ಮನೆಗೆ ಹೋಗು. ಇನ್ನೂರು ಮೈಲಿ ಬರುವಷ್ಟರಲ್ಲಿ ಗಾಳಿ ಸತ್ತುಹೋಗ್ತದೆ."

ಅದೇ ದಿನ ಕೆಲಸದಲ್ಲಿ ಟಿವಿ ಸುದ್ದಿಗೆ ಸಬ್‌ಟೈಟಲ್ ಹಾಕುವಾಗ ನಾನು ಬೇರೆಯದೇ ಟೈಪ್ ಮಾಡಿದ್ದೆ. ಒಳನಾಡಿಗೆ ಬಂದ ಚಂಡಮಾರುತ ಸೋತರೂ ಅದು ಸಾಗುವ ದಾರಿಯ ಬಲಗಡೆ ಸುಂಟರಗಾಳಿಗಳು ಒಂದರ ಹಿಂದೊಂದು ಹುಟ್ಟುತ್ತವೆ. ಕುಶಲನ ಊರು ಗೆರೆಯ ಬಲಗಡೆಯೇ ಇತ್ತು.

"ಮಾಮ, ಬಲಗಡೆ..." ಅಂದೆ.

"ನೀನು ಕಾದಂಬರಿ ಓದಿದವಳು ಮಾರಾಯ್ತಿ. ಗಾಳಿಯ ವಿಷಯ ಇಂಜಿನಿಯರಿಗೆ ಬಿಡು."

ಅತ್ತೆ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಮಂಗಳವಾರ ಸುಂಟರಗಾಳಿಗೆ ಕುಶಲನ ಮನೆಯ ಗೋಡೆ ಶರ್ಮಿಳಕ್ಕನ ಕಾಲ ಮೇಲೆ ಬಿತ್ತು. ಎರಡು ಆಪರೇಷನ್ ಆಗಿದೆ. ನಡೆಯುವುದು ಅನುಮಾನ. ಅವಳು ಬಿಟ್ಟುಹೋದ ಮನೆಯಲ್ಲಿ ಒಂದು ಕಿಟಕಿಯೂ ಒಡೆದಿಲ್ಲ.

ಇವತ್ತು ಸಂಜೆ ನಮ್ಮನ್ನು ನೋಡಲು ಬಂದವರಿಗೆಲ್ಲ ಮಾಮ ಹೇಳಿದ್ದು ಒಂದೇ: "ನಮಗೆ ಯಾರಾದರೂ ಒಂದು ಮಾತು ಹೇಳಬಹುದಿತ್ತು." ನನ್ನ ಕೈಯಿಂದ ಚಾ ತೆಗೆದುಕೊಳ್ಳುತ್ತಲೇ ಹಾಗಂದರು. ಮರೆತರೋ, ಮರೆತ ಹಾಗೆ ಮಾಡಿದರೋ. ನಾನಾದರೂ ಹೇಳಿದ್ದೇನು? ಗುರುತಿಲ್ಲದವರಿಗಾಗಿ ಇಡೀ ವಾಕ್ಯ ಟೈಪ್ ಮಾಡಿದವಳು ಅಕ್ಕನ ವಿಷಯಕ್ಕೆ ಬಂದಾಗ ಎರಡು ಶಬ್ದಕ್ಕೆ ನಿಲ್ಲಿಸಿ ಕಪ್ ತೊಳೆಯಲು ಹೋದೆ.

ನಾಳೆ ಆಸ್ಪತ್ರೆಯಲ್ಲಿ ಅಕ್ಕನಿಗೆ ಫೋನ್ ಕೊಡುತ್ತಾರಂತೆ. ಮಾಮ ಪಕ್ಕದಲ್ಲೇ ಕೂತಿರಲಿ. ನನಗೆ ಗೊತ್ತಿತ್ತು ಅಕ್ಕ, ಎಂದು ಹೇಳುತ್ತೇನೆ.