ನಾನು ಸೇರಿಸಿದ ಮಾತು

೨೮ ಫೆಬ್ರವರಿ ೧೯೪೭, ಶುಕ್ರವಾರ, ತೈಪೆ, ತೈವಾನ್

ಇವತ್ತು ಊರಿಗೆ ಊರೇ ಸರ್ಕಾರದ ಮೇಲೆ ತಿರುಗಿಬಿದ್ದಿದೆ. ನನ್ನ ಕಿವಿಯಲ್ಲಿ ಮಾತ್ರ ನಿನ್ನೆ ಸಂಜೆಯ ಸಿಯುಹಾಳ ದನಿಯೇ ಇದೆ.

ಅವಳು ನಮ್ಮ ಬೀದಿಯಲ್ಲಿ ಕದ್ದುಮುಚ್ಚಿ ಸಿಗರೇಟು ಮಾರುವ ವಿಧವೆ. ಚೀನಾದಿಂದ ಬಂದ ಅಧಿಕಾರಿ ಅವಳ ಸಿಗರೇಟಿನ ಪೆಟ್ಟಿಗೆಗೆ ಕೈ ಹಾಕಿದಾಗ ಅವಳು ಅದನ್ನು ಅವುಚಿಕೊಂಡಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಐವತ್ತು ವರ್ಷ ನಮ್ಮನ್ನಾಳಿದ ಜಪಾನಿನವರು ತೊಲಗಿದ ಕೂಡಲೇ ಆಸೆಪಟ್ಟು ಈ ಹೊಸ ಅಧಿಕಾರಿಗಳ ಭಾಷೆ ಕಲಿತವನು ಬೀದಿಗೆಲ್ಲ ನಾನೊಬ್ಬನೇ. ಜನ ನನ್ನನ್ನು ಮುಂದೆ ತಳ್ಳಿದರು.

"ಪೆಟ್ಟಿಗೆ ಬಿಡೋಕೆ ಹೇಳು. ನೋಡಿ ವಾಪಸ್ ಕೊಡ್ತೀನಿ," ಅಂದ ಅಧಿಕಾರಿ.

ಹೇಳಿದೆ.

"ನಿಜವಾಗ್ಲೂ ಕೊಡ್ತಾನಾ ಮೇಷ್ಟ್ರೇ? ಮಕ್ಕಳ ಗಂಜಿ ಇದ್ರಲ್ಲೇ ಇರೋದು."

"ಕೊಡ್ತಾರೆ, ಬಿಡಮ್ಮ. ಇವ್ರೇನು ಜಪಾನಿನವ್ರಾ? ನಮ್ಮೋರು."

ಅವಳು ಕೈ ಸಡಿಲಿಸಿದಳು. ಅವನು ಪೆಟ್ಟಿಗೆ ಕಿತ್ತುಕೊಂಡು ಪಿಸ್ತೂಲಿನ ಹಿಡಿಯಿಂದ ಅವಳ ತಲೆಗೆ ಬಾರಿಸಿದ. ಜನ ನುಗ್ಗಿದರು, ಗುಂಡು ಹಾರಿತು, ನೋಡುತ್ತ ನಿಂತಿದ್ದವನೊಬ್ಬ ಸತ್ತ. ಇವತ್ತಿನ ಬೆಂಕಿ ಹತ್ತಿದ್ದು ಅಲ್ಲಿಂದ.

ಯುದ್ಧ ಮುಗಿದ ವರ್ಷ ಚೀನಾದಿಂದ ಬರುವ ಇವರ ಹಡಗಿಗಾಗಿ ಬಾವುಟ ಹಿಡಿದು ದಿನವಿಡೀ ಬಂದರಿನಲ್ಲಿ ಕಾದಿದ್ದೆನಲ್ಲ, ಥೂ! ಮೋಸಗಾರರು. ಬೆಳಗಿನಿಂದ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಆದರೆ ನಮ್ಮೋರು ಅಂತ ಅವನು ಹೇಳಿರಲಿಲ್ಲ. ಅದನ್ನು ಸೇರಿಸಿದವನು ನಾನು. ಸಿಯುಹಾ ಪೆಟ್ಟಿಗೆ ಬಿಟ್ಟಿದ್ದು ಆ ಮಾತಿಗೆ.