ಆರು ಸೆಕೆಂಡಿನ ನಗು

ಸ್ಟುಡಿಯೋ ಹಿಂದಿನ ಮನೆ,
ಮಂಗಳವಾರ, ಹದಿನಾಲ್ಕನೇ ತಾರೀಖು

ನನ್ನ ಗುಬ್ಬಿಗೆ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ನಿನ್ನಕ್ಕನ ಕಾಲಿನ ಪಟ್ಟಿ ಬಿಚ್ಚಿದರೇ? ಅವರು ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದರೆ ಅವರಿಗಿಂತ ಹೆಚ್ಚು ಖುಷಿ ನನಗೆ. ಸ್ವಾರ್ಥಿ ಅನ್ನು ಬೇಕಾದರೆ. ನೀನು ಹೋಗಿ ಇಂದಿಗೆ ಇಪ್ಪತ್ತಮೂರು ದಿನ. ಕಿಟಕಿಯ ಗಿಡಗಳಿಗೆ ತಪ್ಪದೆ ನೀರು ಹಾಕುತ್ತಿದ್ದೇನೆ. ಒಂದಕ್ಕೆ ಜಾಸ್ತಿಯಾಗಿ ಕೊಳೆತುಹೋಯಿತು, ಯಾವುದು ಎಂದು ಕೇಳಬೇಡ. ಫೋನ್ ಇರುವಾಗ ಇದೇನು ಕಾಗದ ಎನ್ನುತ್ತೀಯ. ನಾನು ‘ಹಲೋ’ ಅಂದರೆ ಸಾಕು, ಏನೋ ಮುಚ್ಚಿಡುತ್ತಿದ್ದೇನೆಂದು ನಿನಗೆ ಗೊತ್ತಾಗುತ್ತದೆ. ನಿನ್ನ ಕಿವಿಗೆ ಹೆದರಿ ಕಾಗದ ಹಿಡಿದಿದ್ದೇನೆ.

ನೀನು ದನಿ ಕೊಡುತ್ತಿರುವ ಸಿನಿಮಾದ ಕಥೆ ಏನೆಂದು ನಿನ್ನಕ್ಕ ಕೇಳುತ್ತಿದ್ದರಂತಲ್ಲ, ಇಷ್ಟನ್ನು ಅವರಿಗೆ ಓದಿ ಹೇಳು. ಹೂವಿನಂಗಡಿ ನಡೆಸುವ ಹುಡುಗಿ, ಅಂಗಡಿಯ ತಂಪುಕೋಣೆ ರಿಪೇರಿಗೆ ಬರುವ ಮೆಕ್ಯಾನಿಕ್. ಅವನು ಒಂದು ಸ್ಕ್ರೂ ಬಿಗಿಮಾಡಿ ಹೋದರೆ ಇವಳು ಬೇಕೆಂದೇ ಇನ್ನೊಂದನ್ನು ಸಡಿಲಿಸಿ ಮತ್ತೆ ಕರೆಸುತ್ತಾಳೆ. ಅರ್ಧ ಸಿನಿಮಾ ಹೊಟ್ಟೆ ಹಿಡಿದುಕೊಂಡು ನಗಬೇಕು. ಆಮೇಲೆ ಒಂದು ದಿನ ಅವನು ಹೇಳದೆ ಕೇಳದೆ ಬಂದು, ಮುಟ್ಟಬೇಡ ಎಂದು ಅವಳು ಸದಾ ಎಚ್ಚರಿಸುತ್ತಿದ್ದ ಒಳಗೋಡೆಯ ತಗಡು ಬಿಚ್ಚುತ್ತಾನೆ. ಒಳಗೆ ಅವಳು ಹಿಂದೆ ಮದುವೆಯಾಗಬೇಕಿದ್ದವನ ಹೆಣ. ಬೆನ್ನ ಹಿಂದೆ ಅವಳು ನಗುತ್ತಾಳೆ, ಮೊದಲ ದಿನ ಪ್ರೀತಿ ಹುಟ್ಟಿದಾಗ ನಕ್ಕ ಅದೇ ನಗು. ನಿರ್ದೇಶಕರ ಹಟ ನಿನಗೆ ಗೊತ್ತಲ್ಲ: “ಒಂದೇ ನಗು, ಎರಡು ಕಡೆ. ಮೊದಲ ಸಲ ಜನ ಕರಗ್ಬೇಕು, ಎರಡನೇ ಸಲ ನಡುಗ್ಬೇಕು.”

ಮುಂದಿನದನ್ನು ನೀನೊಬ್ಬಳೇ ಓದು.

ಅವಳ ಆ ನಗುವಿಗೆ ನೀನು ದನಿ ಕೊಟ್ಟದ್ದು ಊರಿಗೆ ಹೊರಡುವ ಹಿಂದಿನ ದಿನ. ನಾಯಕನಿಗೆ ದನಿ ಕೊಡುವ ನಮ್ಮ ಬೆಣ್ಣೆಕಂಠ ನಿನ್ನ ಪಕ್ಕದ ಮೈಕಿನಲ್ಲಿದ್ದ. ಟೇಕ್ ಶುರುವಾಗುತ್ತಿದ್ದಂತೆ ಬಗ್ಗಿ ನಿನ್ನ ಕಿವಿಯಲ್ಲಿ ಏನೋ ಅಂದ. ಗಾಜಿನ ಈಚೆ ಹೆಡ್‌ಫೋನ್ ಹಾಕಿಕೊಂಡು ನಾನು ರೆಕಾರ್ಡ್ ಮಾಡುತ್ತ ಕೂತಿದ್ದೆ. ಆರು ಸೆಕೆಂಡು. ಮೊದಲು ಮೂಗಿನಲ್ಲೇ ತಡೆದು, ತಡೆಯಲಾರದೆ ಒಡೆದು, ಕೊನೆಗೆ ಉಸಿರು ಸಿಗದೆ ಒದ್ದಾಡಿದ ನಗು. ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮದುವೆಯಾಗಿ ಏಳು ವರ್ಷ, ಆ ನಗು ನಾನು ಕೇಳಿರಲಿಲ್ಲ. ನನ್ನೆದುರು ನೀನು ನಗುವುದೇ ಇಲ್ಲ ಎಂದಲ್ಲ. ನಗುತ್ತೀಯ, ಬಾಗಿಲು ತೆರೆದವರಿಗೆ ಥ್ಯಾಂಕ್ಸ್ ಹೇಳುವ ಹಾಗೆ.

ನೀನು ಹೋದ ಮೇಲೆ ಊಟದ ಬಿಡುವಿನಲ್ಲಿ ದಿನಾ ಒಬ್ಬನೇ ಕೂತು ಅದನ್ನು ಕೇಳಿದೆ. ಅವನ ಪಿಸುಮಾತು ಹಿಡಿಯಲು ಸದ್ದು ಏರಿಸಿ, ಇಳಿಸಿ, ಸೋಸಿ ನೋಡಿದೆ. ಒಂದಕ್ಷರವೂ ಸಿಗಲಿಲ್ಲ. ಎಂಟನೇ ದಿನ ಅದನ್ನು ಅಳಿಸಿಹಾಕಿದೆ. ಇನ್ನೊಂದು ಪ್ರತಿ ಎಲ್ಲಿದೆಯೆಂದು ಗೊತ್ತಿದ್ದವನು ನಾನೊಬ್ಬನೇ; ಅದನ್ನೂ ಅಳಿಸಿದೆ.

ಅಳಿಸಿದ ಮೂರು ದಿನಕ್ಕೆ ನಿರ್ದೇಶಕರು ಆ ನಗು ಎಲ್ಲಿ ಎಂದು ಕೇಳಿದರು. ಹುಡುಕಿದಂತೆ ಮಾಡಿದೆ. ನಿನ್ನನ್ನು ಕರೆಸಿ ಅಂದರೆ, ಅಕ್ಕನನ್ನು ಬಿಟ್ಟು ಬರಲಾಗದು ಎಂದು ತಡೆದೆ. ಬೇರೆಯವರನ್ನು ಕರೆಸಿ ನಗಿಸಿದರು; ಒಬ್ಬಳದು ಕೆಮ್ಮಿದ ಹಾಗೆ, ಇನ್ನೊಬ್ಬಳದು ಮಗು ಆಡಿಸಿದ ಹಾಗೆ. “ಈ ರೂಮಿಗೆ ಯಾರ್ಯಾರು ಬಂದಿದ್ರು?” ಎಂದು ಕೂಗಾಡಿದರು. ಬೆಣ್ಣೆಕಂಠ ತನ್ನ ದನಿ ಕೇಳಿಕೊಳ್ಳಲು ಬಂದು ಹತ್ತು ನಿಮಿಷ ಒಬ್ಬನೇ ಕೂತಿದ್ದ, ಅದು ನಿಜ. ಪರದೆಯ ಮೇಲೆ ತನ್ನ ಹೆಸರು ಹಾಕುವುದಿಲ್ಲ ಎಂದಿದ್ದಕ್ಕೆ ನಿರ್ದೇಶಕರ ಜೊತೆ ಜಗಳವಾಡಿದ್ದ, ಅದೂ ನಿಜ. ಆ ಎರಡು ನಿಜಗಳನ್ನು ನಿರ್ದೇಶಕರ ಮುಂದೆ ಪಕ್ಕಪಕ್ಕದಲ್ಲಿಟ್ಟೆ. ಸುಳ್ಳು ಹೇಳುವ ಅಗತ್ಯವೇ ಬೀಳಲಿಲ್ಲ. ಅವತ್ತೇ ಅವನನ್ನು ತೆಗೆದರು. ಅವನ ಮುಂದಿನ ಸಿನಿಮಾವೂ ಹೋಯಿತು, ಬೇರೆ ಸ್ಟುಡಿಯೋಗಳಿಗೂ ಸುದ್ದಿ ಮುಟ್ಟಿತು. ಆ ಸಂಜೆ ನನಗೆ ಚೆನ್ನಾಗಿ ಹಸಿವಾಯಿತು ಗುಬ್ಬಿ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ನಿನ್ನೆ ಬೆಳಗ್ಗೆ ಅವನು ತನ್ನ ಫ್ಲಾಸ್ಕು, ಶಾಲು ತೆಗೆದುಕೊಂಡು ಹೋಗಲು ಬಂದ. “ಅಣ್ಣ, ಯಾರು ಏನಾದ್ರೂ ಅಂದ್ಕೊಳ್ಳಲಿ, ನಾನಲ್ಲ ಅಂತ ನಿಮಗಾದ್ರೂ ಗೊತ್ತಲ್ವಾ?” ಅಂದ. ನನಗಲ್ಲದೆ ಇನ್ಯಾರಿಗೆ ಗೊತ್ತು! ಉತ್ತರ ಕೊಡುವ ಬದಲು, “ಅವತ್ತು ಅವಳ ಕಿವೀಲಿ ಏನಂದೆ?” ಎಂದು ಕೇಳಿಬಿಟ್ಟೆ. ಅವನು ನಾಚಿಕೊಂಡ. “ಬೈಬೇಡಿ ಅಣ್ಣ, ನಿಮ್ಮ ಥರ ಮಾತಾಡಿ ತೋರಿಸ್ದೆ.” ಹೇಳು ನೋಡೋಣ ಅಂದೆ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ: “ಉಸಿರು ಮೈಕಿಗೆ ಬಡೀತಿದೆ ಮೇಡಂ. ಸ್ವಲ್ಪ ಹಿಂದೆ. ಇನ್ನೂ ಹಿಂದೆ. ಮನೆಗೇ ಹೋಗ್ಬಿಡಿ.” ಥೇಟ್ ನನ್ನ ದನಿ.

ನನಗೆ ಸಮಾಧಾನವಾಯಿತು ಎಂದುಕೊಂಡೆಯಾ? ಹೊಟ್ಟೆಯುರಿ ಇಮ್ಮಡಿಯಾಯಿತು. ಆ ಮಾತು ನನ್ನದು. ಏಳು ವರ್ಷದಿಂದ ನಾನೇ ಆಡುತ್ತಿದ್ದೇನೆ. ಅವನು ಅಂದರೆ ನಗುತ್ತೀಯ, ನಾನು ಅಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತೀಯ.

ಆದರೂ ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡು, “ಬರ್ತೀನಿ ಅಣ್ಣ” ಎಂದು ಅವನು ಹೋದ ಮೇಲೆ ಕೂರಲಾಗಲಿಲ್ಲ. ನಿರ್ದೇಶಕರ ಬಳಿ ಹೋಗಿ ಎಲ್ಲ ಹೇಳಿದೆ. “ನನ್ನ ಸಿನಿಮಾದ ಹುಡುಗಿ ಇಷ್ಟು ಸಣ್ಣ ಕಾರಣಕ್ಕೆ ಕೊಲೆ ಮಾಡಿದ್ಲು ಅಂತ ಬರೆದಿದ್ರೆ ಯಾರೂ ನಂಬ್ತಿರಲಿಲ್ಲ. ಬೀಗದ ಕೈ ಇಟ್ಟು ಹೋಗಿ” ಎಂದರು. ಇಟ್ಟು ಬಂದೆ. ಅಲ್ಲಿಂದ ಬೆಣ್ಣೆಕಂಠನ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿದ. ಕೂಗಲಿಲ್ಲ, ಬೈಯಲಿಲ್ಲ. “ಆಯ್ತು ಸಾರ್, ಹೋಗಿ” ಅಂದ. ‘ಅಣ್ಣ’ ಅನ್ನಲಿಲ್ಲ.

ನಿನ್ನಕ್ಕನಿಗೆ ನನ್ನ ನಮಸ್ಕಾರ ಹೇಳು, ಅವರ ಮಗಳಿಗೊಂದು ಮುತ್ತು. ಸಿಟ್ಟು ಬಂದರೆ ಬೈದು ಬರೆ. ಸುಮ್ಮನಿರಬೇಡ, ಅದೊಂದನ್ನು ಸಹಿಸಲು ನನ್ನಿಂದಾಗದು.

ನಿನ್ನ,
ಗಾಜಿನ ಈಚೆಯವನು

ಮರೆತ ಮಾತು: ಮರೆತದ್ದೇನಲ್ಲ, ಇದನ್ನು ಬರೆಯದೆಯೇ ಲಕೋಟೆ ಅಂಟಿಸಿಬಿಡೋಣ ಎಂದುಕೊಂಡಿದ್ದೆ. ಮುಂದಿನ ಸೋಮವಾರ ಬೆಳಗ್ಗೆ ಹತ್ತಕ್ಕೆ ನಿನ್ನನ್ನು ಬರಹೇಳಿದ್ದಾರೆ. ಅದೇ ಕೋಣೆ, ಅದೇ ಎರಡು ಮೈಕು. ಅವನನ್ನೂ ವಾಪಸ್ ಕರೆದಿದ್ದಾರೆ. ಮೇಡಂ ಬಂದರೆ ಬರುತ್ತೇನೆ ಅಂದನಂತೆ. ಬಾ. ಅವನು ಏನು ಬೇಕಾದರೂ ಹೇಳಲಿ, ಬಂದಷ್ಟೂ ನಗು. ನನ್ನ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಆ ಗೋಡೆಗಳನ್ನು ಮುಂದೆ ನಿಂತು ಕಟ್ಟಿಸಿದವನು ನಾನೇ. ಒಳಗಿನ ಸದ್ದು ಒಂದಿಷ್ಟೂ ಹೊರಗೆ ಬರುವುದಿಲ್ಲ.