ಹುಳ ತಿನ್ನದ ಹಲಗೆ

ಜಗಳೂರಿನ ಗುಲ್ಜಾರ್‌ಬೀ ಅಮ್ಮನವರಿಗೆ, ಚನ್ನಗಿರಿಯಿಂದ ಖಾಜಾಸಾಬರ ಮಗಳು ಸುಮೇರಾ ಸಲಾಂ ಹೇಳಿ ಬರೆಯುವುದು.

ನೋಡಿಹೋದ ಹುಡುಗಿ ಗಂಡಿನ ತಾಯಿಗೆ ನೇರವಾಗಿ ಕಾಗದ ಬರೆಯುವುದು ವಾಡಿಕೆಯಲ್ಲವೆಂದು ನಾನು ಬಲ್ಲೆ. ಮಾತು ನಡೆಯಬೇಕಾದದ್ದು ಹಿರಿಯರ ನಡುವೆ. ಆದರೆ ನೀವು ಷರತ್ತು ಹಾಕಿದ್ದು ನಮ್ಮ ಮಹಡಿಯ ನೆಲಕ್ಕೆ. ಅದರ ಪರವಾಗಿ ಮಾತನಾಡಲು ಅಪ್ಪನಿಗೆ ಸಂಕೋಚ, ಅವ್ವನಿಗೆ ಭಯ. ನನಗೆ ಎರಡೂ ಇಲ್ಲ.

ಹೋದ ತಿಂಗಳು ನೀವು ನಿಮ್ಮ ಮಗ ವಸೀಮರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿರಿ. ಕೆಳಗಿನ ಅರಳೆ ಅಂಗಡಿಯನ್ನು ಮೂಗಿಗೆ ಸೆರಗು ಹಿಡಿದು ದಾಟಿ ಮಹಡಿ ಹತ್ತಿದಿರಿ. ಎಂ.ಎಸ್ಸಿ.ಯಲ್ಲಿ ನಾನು ಕಾಲೇಜಿಗೇ ಮೊದಲು ಬಂದವಳೆಂಬುದು ಅಪ್ಪ ಹೇಳುವ ಮೊದಲೇ ನಿಮಗೆ ತಿಳಿದಿತ್ತು. ಅಂಕಪಟ್ಟಿಯನ್ನು ಕೇಳಿ ತರಿಸಿಕೊಂಡು ನೋಡಿದಿರಿ, ಮೆಚ್ಚಿದಿರಿ. ಆಮೇಲೆ ನಿಮ್ಮ ಕಣ್ಣು ನೆಲಕ್ಕಿಳಿಯಿತು. ತೇಗದ ಹಳೆಯ ಹಲಗೆಗಳು. ನಡುವೆ ಸವೆದು ಬಣ್ಣ ಕಳೆದುಕೊಂಡಿವೆ, ಮೈತುಂಬ ಸಣ್ಣ ಸಣ್ಣ ತೂತುಗಳಿವೆ. ನೀವು ಬಗ್ಗಿ ಬೆರಳಿಟ್ಟು ನೋಡಿ ಹೇಳಿದಿರಿ: “ಹುಳ ಹಿಡಿದೈತಲ್ರೀ ಖಾಜಾಸಾಬ್ರೇ. ಕಿತ್ತು ಟೈಲ್ಸ್ ಹಾಕಿಸ್ರಿ. ನಿಖಾಕ್ಕೆ ನಮ್ಮ ಕಡೆ ಜನ ಬರ್ತಾರೆ. ಇಂಥಾದ್ರ ಮ್ಯಾಲೆ ಹೆಂಗೆ ಕೂರಾಕೆ ಆಗ್ತೈತೆ?”

ಆಗ ಅವ್ವ ಏನು ಮಾಡಿದಳೆಂಬುದನ್ನು ನೀವು ಗಮನಿಸಲಿಲ್ಲ. ಅವಳು ಸದ್ದಿಲ್ಲದೆ ಜಮಖಾನ ಎಳೆದು ಆ ತೂತುಗಳನ್ನು ಮುಚ್ಚಿದಳು. ನನ್ನ ಅವ್ವ ತಪ್ಪು ಮಾಡಿದವಳಂತೆ ಏನನ್ನಾದರೂ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಮ್ಮನವರೇ, ಅವು ಹುಳದ ತೂತುಗಳಲ್ಲ. ಹಾಸಿಗೆಗೆ ಅರಳೆ ತುಂಬಿ, ನೆಲದ ಮೇಲೆ ಹಾಸಿ ಹೊಲಿಯುವಾಗ ದಬ್ಬಣ ಬಟ್ಟೆಯನ್ನೂ ಅರಳೆಯನ್ನೂ ದಾಟಿ ಹಲಗೆಗೆ ನಾಟುತ್ತದೆ. ನನ್ನ ಅಜ್ಜಿ ಅಲ್ಲಿ ಕುಳಿತು ಹೊಲಿದಳು, ಅವಳ ಸೊಸೆಯಾಗಿ ಬಂದ ಅವ್ವ ಇಂದಿಗೂ ಹೊಲಿಯುತ್ತಾಳೆ. ಈ ಊರಿನ ಎಷ್ಟೋ ಮನೆಗಳಲ್ಲಿ, ಯಾವ ಜಾತಿಯೆನ್ನದೆ, ಮದುವೆಯ ಹಾಸಿಗೆ ಹೊರಟದ್ದು ಆ ಹಲಗೆಗಳ ಮೇಲಿನಿಂದ. ತೂತುಗಳು ಒಂದೊಂದು ಗೇಣಿನ ಅಂತರದಲ್ಲಿ ಸಾಲಾಗಿವೆ.

ನಿಮಗೆ ಇದು ತಿಳಿಯದ ಸಂಗತಿಯೆಂದು ನಾನು ನಂಬಬೇಕೇ? ನಾವೂ ಪಿಂಜಾರರು, ನೀವೂ ಪಿಂಜಾರರು. ಅರಳೆ ಹಿಂಜಿ ಬದುಕಿದವರ ಮನೆಯಲ್ಲೇ ನೀವೂ ಹುಟ್ಟಿದವರು. ಈಗ ನಿಮ್ಮ ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದ್ದ ಫೋಮ್ ಹಾಸಿಗೆಗಳು ಗೋಡೆಗೊರಗಿ ನಿಂತಿವೆ ಎಂದು ಕೇಳಿದ್ದೇನೆ; ಅದರಲ್ಲಿ ತಪ್ಪೇನೂ ಇಲ್ಲ, ಕಾಲ ಬದಲಾದರೆ ವ್ಯಾಪಾರವೂ ಬದಲಾಗಬೇಕು. ಆದರೆ ಅಂದು ನಾನು ನಿಮ್ಮ ಮುಖವನ್ನಲ್ಲ, ನಿಮ್ಮ ಕೈಯನ್ನು ನೋಡುತ್ತಿದ್ದೆ. ನೀವು ಅಪ್ಪನತ್ತ ತಿರುಗಿ ಮಾತನಾಡುತ್ತಿದ್ದಿರಿ, ನಿಮ್ಮ ಬೆರಳು ಮಾತ್ರ ನೋಡದೆಯೇ ಒಂದು ತೂತಿನಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ನೆಟ್ಟಗೆ ನಡೆಯಿತು. ಹುಳದ ದಾರಿಯನ್ನು ಯಾರ ಬೆರಳೂ ಹಾಗೆ ಅರಿತಿರುವುದಿಲ್ಲ.

ನೀವು ಹೋದ ಮರುದಿನವೇ ಅಪ್ಪ ಬಿಳಿ ಟೈಲ್ಸಿನ ಮಾದರಿಗಳನ್ನು ತಂದರು. “ನೆಲ ಹೋದ್ರೆ ಇನ್ನೊಂದು ನೆಲ ಬರ್ತೈತೆ ಮಗಳೇ, ಸಂಬಂಧ ಹೋದ್ರೆ ಬರಲ್ಲ” ಎಂದರು. ಮೊದಲು ಬಡಗಿಯನ್ನು ಕರೆಸಿ, ಕೀಳಬೇಕೋ ತಿಕ್ಕಿಸಿ ಉಳಿಸಿಕೊಳ್ಳಬೇಕೋ ಅವರು ಹೇಳಲಿ ಎಂದು ನಾನು ಹಟ ಹಿಡಿದೆ. ಬಡಗಿ ತಿಪ್ಪೇಶಪ್ಪನವರು ಬಂದು ಗೋಡೆ ಬದಿಯ ಒಂದು ಹಲಗೆ ಎಬ್ಬಿಸಿ, ತಿರುವಿ, ಉಳಿಯ ಹಿಡಿಯಿಂದ ಬಡಿದು ನೋಡಿದರು. ಹುಳದ ಮಾತೆತ್ತಿದಾಗ ನಕ್ಕುಬಿಟ್ಟರು. “ಹುಳ ಹಿಂಗೆ ಸಾಲು ಹಿಡಿದು ತಿಂತಾವೇನ್ರೀ? ಅವೇನು ಇಸ್ಕೂಲಿಗೆ ಹೋಗಿದ್ವಾ? ಸವೆದಿರೋದು ಮ್ಯಾಲೆ ಮಾತ್ರ, ಒಳಗೆ ಕಬ್ಬಿಣ ಇದ್ದಂಗೈತೆ. ಮಿಷನ್ನಾಗೆ ತಿಕ್ಕಿ ಎಣ್ಣೆ ಕುಡಿಸಿದ್ರೆ ನಿಮ್ಮ ಮೊಮ್ಮಕ್ಕಳು ಕುಣಿದ್ರೂ ಏನೂ ಆಗಲ್ಲ.”

ಆಮೇಲೆ ಅವರೇ ಇನ್ನೊಂದು ಉಪಾಯವನ್ನೂ ಹೇಳಿದರು: ತೂತುಗಳಿಗೆ ಅಂಟು ಕಲಸಿದ ಮರದ ಪುಡಿ ತುಂಬಿ ತಿಕ್ಕಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಅಪ್ಪನ ಮುಖ ಅರಳಿತು. ನೆಲವೂ ಉಳಿಯಿತು, ಸಂಬಂಧವೂ ಉಳಿಯಿತು. ಅವ್ವ ಕೂಡ, “ತುಂಬಿಸಿಬಿಡು ಸುಮೇರಾ, ನಿನ್ನ ಬಾಳಿಗಿಂತ ಹಲಗೆ ದೊಡ್ಡದಾ?” ಎಂದಳು. ನಾನು ಒಪ್ಪಲಿಲ್ಲ. “ಓದಿನಾಗೂ ಫಸ್ಟು, ಹಟದಾಗೂ ಫಸ್ಟು” ಎಂದು ಬೈಸಿಕೊಂಡೆ.

ಅದೇ ವಾರ ವಸೀಮ್ ಫೋನ್ ಮಾಡಿದರು. ಅವರು ನನಗೆ ಒಪ್ಪಿಗೆಯಾಗಿದ್ದಾರೆ. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಬಲ್ಲ ಗಂಡಸರು ವಿರಳ, ಅವರು ಅಂಥವರು. “ಅಮ್ಮಂದೊಂದು ಮಾತು ಉಳಿಸ್ರಿ, ಆಮೇಲೆ ಎಲ್ಲಾ ನಾನು ನೋಡ್ಕಂತೀನಿ” ಎಂದರು. ನಾನು ಆ ‘ಆಮೇಲೆ’ಯ ಬಗ್ಗೆ ಬಹಳ ಯೋಚಿಸಿದೆ. ಇಂದು ನೆಲದ ಗುರುತನ್ನು ಮುಚ್ಚಿದವಳು ನಾಳೆ ಅವ್ವನ ಕಸುಬನ್ನು ಮುಚ್ಚಬೇಕು, ನಾಡಿದ್ದು ನಿಮ್ಮ ಮನೆಗೆ ಬರುವವರ ಮುಂದೆ ಅವ್ವನನ್ನೇ ಮುಚ್ಚಬೇಕು. ನೀವು ಮೆಚ್ಚಿದ ಅಂಕಪಟ್ಟಿಗೂ ನೀವು ಒಲ್ಲೆನೆಂದ ನೆಲಕ್ಕೂ ನಡುವೆ ಗೋಡೆಯಿಲ್ಲ. ನನ್ನ ಓದು ಆ ದಬ್ಬಣದ ಹಿಂದೆಯೇ ದಾರದಂತೆ ಬಂದಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತೆಸೆಯುವ ಅವಕಾಶ ನಿಮಗಿಲ್ಲ, ನನಗೂ ಇಲ್ಲ.

ಆದ್ದರಿಂದ ನೆಲವನ್ನು ಕೀಳಲಿಲ್ಲ. ತಿಕ್ಕಿಸಿ ಎಣ್ಣೆ ಕುಡಿಸಿದ್ದೇವೆ. ತೂತುಗಳಿಗೆ ಏನನ್ನೂ ತುಂಬಿಲ್ಲ. ಹಲಗೆ ಜೇನಿನ ಬಣ್ಣಕ್ಕೆ ತಿರುಗಿತು. ತೂತುಗಳಾದರೋ ಎಣ್ಣೆ ಹೀರಿ ಮೊದಲಿಗಿಂತ ಕಪ್ಪಾಗಿ, ಮೆಟ್ಟಿಲ ಬಾಗಿಲಲ್ಲಿ ನಿಂತವರಿಗೂ ಎದ್ದು ಕಾಣುವಂತಾದವು. ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತರು. ನನಗೆ ಮಾತ್ರ ಆ ಮಹಡಿ ಅಷ್ಟು ಚೆಂದವಾಗಿ ಎಂದೂ ಕಂಡಿರಲಿಲ್ಲ.

ಈಗ ಷರತ್ತು ಹಾಕುವ ಸರದಿ ನನ್ನದು. ನಿಖಾ ಆಗುವುದಾದರೆ ಈ ಮಹಡಿಯಲ್ಲೇ ಆಗಬೇಕು. ನಿಮ್ಮ ಕಡೆಯವರು ಬಂದು ಕೂರುತ್ತಾರೆ. ಅವರಲ್ಲಿ ಯಾರಾದರೂ ಬಗ್ಗಿ ನೋಡಿ ಇದೇನೆಂದು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ನಾನು ಹೇಳುವುದಿಲ್ಲ, ಅವ್ವನೂ ಹೇಳುವುದಿಲ್ಲ. ದಬ್ಬಣದ ತೂತು, ನಮ್ಮವರ ಕಸುಬಿನ ಗುರುತು ಎಂದು ಎಲ್ಲರಿಗೂ ಕೇಳಿಸುವಂತೆ ನೀವು ಹೇಳಬೇಕು. ಅದು ನಿಮ್ಮಿಂದ ಆಗದೆಂದರೆ ಸಂಬಂಧ ಇಲ್ಲಿಗೇ ನಿಲ್ಲಲಿ. ಆಗಲೂ ಒಂದು ಉಪಕಾರ ಮಾಡಿ: ಮನೆಯ ನೆಲ ಸರಿಯಿರಲಿಲ್ಲವೆಂದು ಜಗಳೂರಿನಲ್ಲಿ ಹೇಳಬೇಡಿ, ಹುಡುಗಿಯೇ ಒಲ್ಲೆನೆಂದಳು ಎಂದು ಹೇಳಿ.

ಇದನ್ನು ಬರೆಯುತ್ತಿರುವಾಗ ಅವ್ವ ಇದೇ ಮಹಡಿಯ ನಡುವೆ ಕುಳಿತು ನನ್ನ ಮದುವೆಯ ಹಾಸಿಗೆ ಹೊಲಿಯುತ್ತಿದ್ದಾಳೆ. ದಬ್ಬಣ ಮೊದಲ ಬಾರಿ ಹೊಸ ಎಣ್ಣೆಯ ಹಲಗೆಗೆ ತಾಗಿದಾಗ ಕೈ ತಡೆದು ನನ್ನತ್ತ ನೋಡಿದಳು. ನಾನು ಹೂಂ ಎಂದೆ. ಅವಳು ಒತ್ತಿದಳು. ಹಾಸಿಗೆ ಯಾವ ಊರಿಗೆ ಹೋಗುತ್ತದೆಂದು ಅವಳು ಕೇಳಲಿಲ್ಲ.

ಹಾಸಿಗೆ ಹೊಲಿಯುವವರ ಮನೆಯಿಂದ ನಿಮಗೆ ಹಾರೈಸಬಹುದಾದದ್ದು ಒಂದೇ: ನಿಮ್ಮ ಮನೆಯ ಎಲ್ಲರಿಗೂ ಅಲ್ಲಾಹನು ನೆಮ್ಮದಿಯ ನಿದ್ದೆ ಕರುಣಿಸಲಿ.

ನಿಮ್ಮ ಉತ್ತರ ಏನೇ ಇದ್ದರೂ ನಿಮ್ಮ ಗೌರವವನ್ನೂ ತನ್ನದನ್ನೂ ಕಾಯುವ,
ಸುಮೇರಾ